ಬಿಜಿ-2 ಹತ್ತಿ ಬೀಜದ ಪ್ಯಾಕೆಟ್: ಹಸಿರು ಹುಳಕ್ಕೆ ಸೈ, ಗುಲಾಬಿ ಹುಳಕ್ಕೆ ನಂಬಬೇಡಿ

475 ಗ್ರಾಂನ ಬಿಜಿ-2 (ಬೋಲ್‌ಗಾರ್ಡ್-2, ಅಂದರೆ ಕಾಯಿಕೊರಕ ಹುಳವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಎರಡು ಜೀನ್ ಸೇರಿಸಿದ ಬಿಟಿ ಹತ್ತಿ) ಪ್ಯಾಕೆಟ್ ಕೊಳ್ಳುವಾಗ ಒಂದು ಮಾತು ತಲೆಯಲ್ಲಿರಲಿ. ಹಸಿರು ಕಾಯಿಕೊರಕದ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗುಲಾಬಿ ಕಾಯಿಕೊರಕದ ಮಟ್ಟಿಗೆ ಮಾತ್ರ ಇದು ಬಿಟಿಯೇ ಅಲ್ಲ ಎಂದುಕೊಂಡು ಬೇಸಾಯ ಮಾಡಬೇಕು.

ಒಂದೇ ಬೀಜ ಎರಡು ಹುಳಗಳ ಮೇಲೆ ಎರಡು ಥರ ಕೆಲಸ ಮಾಡುವುದಕ್ಕೆ ಕಾರಣವಿದೆ. ಈ ಬೀಜದಲ್ಲಿ ಕ್ರೈ1ಎಸಿ, ಕ್ರೈ2ಎಬಿ ಎಂಬ ಎರಡು ವಿಷ ಪ್ರೋಟೀನ್‌ಗಳಿವೆ. ತಿಂದ ಮರಿಹುಳದ ಕರುಳಿನ ಗೋಡೆಗೆ ಅಂಟಿಕೊಂಡು ತೂತು ಮಾಡುವುದು ಇವುಗಳ ಕೆಲಸ. ಅಂಟಿಕೊಳ್ಳಲು ಕರುಳಿನಲ್ಲಿ ಹಿಡಿಕೆ ಬೇಕು. ಆ ಹಿಡಿಕೆಯ ಜೀನ್ ಕೆಟ್ಟಿದ್ದರೆ ವಿಷ ಹಾಗೇ ಹೊರಗೆ ಹೋಗುತ್ತದೆ. ಕೆಟ್ಟ ಜೀನ್ ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ ಮಾತ್ರ ಹುಳ ಚೆನ್ನಾಗಿ ಬದುಕುತ್ತದೆ. ಅದಕ್ಕೇ ಪಕ್ಕದಲ್ಲಿ ಬಿಟಿ ಅಲ್ಲದ ಆಸರೆ ಗಿಡ ಇರಬೇಕು ಎನ್ನುವುದು: ಅಲ್ಲಿ ಬೆಳೆದ ಸಾಮಾನ್ಯ ಪತಂಗ, ವಿಷ ಗೆದ್ದ ಪತಂಗದೊಂದಿಗೆ ಕೂಡಿದರೆ ಮರಿಗಳು ಮತ್ತೆ ಬಿಟಿಗೆ ಸಾಯುತ್ತವೆ. ಹಸಿರು ಹುಳ ತೊಗರಿ, ಕಡಲೆ, ಟೊಮೆಟೊ ಎಲ್ಲವನ್ನೂ ತಿನ್ನುತ್ತದೆ, ಹಾಗಾಗಿ ಅದಕ್ಕೆ ಆಸರೆ ತಾನಾಗಿ ಸಿಕ್ಕಿತು. ಗುಲಾಬಿ ಹುಳಕ್ಕೆ ಹೆಚ್ಚುಕಡಿಮೆ ಹತ್ತಿಯೊಂದೇ ಊಟ.

ಇನ್ನೊಂದು ದೋಷ ಹೈಬ್ರಿಡ್‌ನಲ್ಲೇ ಇದೆ, ಇದನ್ನು ಯಾವ ಲೇಬಲ್ಲೂ ಹೇಳುವುದಿಲ್ಲ. ಹೈಬ್ರಿಡ್‌ನ ಒಂದೇ ಪೋಷಕ ತಳಿಯಿಂದ ಎರಡೂ ಜೀನ್ ಬಂದಿದ್ದರೆ ಗಿಡದ ಎಲೆಯಲ್ಲಿ ಎರಡೂ ವಿಷ ಇರುತ್ತವೆ, ಆದರೆ ಕಾಯಿಯೊಳಗಿನ ಕಾಳುಗಳಲ್ಲಿ ಅವು ಹಂಚಿಹೋಗುತ್ತವೆ. ಸರಾಸರಿ 16 ಕಾಳಿನಲ್ಲಿ 9ರಲ್ಲಿ ಎರಡೂ ವಿಷ, 6ರಲ್ಲಿ ಯಾವುದೋ ಒಂದು, 1ರಲ್ಲಿ ಏನೂ ಇಲ್ಲ. ಗುಲಾಬಿ ಹುಳ ತಿನ್ನುವುದು ಕಾಳನ್ನೇ! ಎರಡು ವಿಷವನ್ನು ಒಟ್ಟಿಗೆ ಎದುರಿಸುವ ಬದಲು ಒಂದೊಂದಾಗಿ ಗೆಲ್ಲಲು ಇದಕ್ಕಿಂತ ಒಳ್ಳೆಯ ಮೆಟ್ಟಿಲು ಬೇಕಿರಲಿಲ್ಲ. ದೇಶದಲ್ಲಿ ಒಂದು ಜೀನಿನ ಬಿಟಿಗೆ 2002ರಲ್ಲಿ, ಬಿಜಿ-2ಕ್ಕೆ 2006ರಲ್ಲಿ ಅನುಮತಿ ಸಿಕ್ಕಿತು. 2010ರ ಹೊತ್ತಿಗೆ ಗುಜರಾತಿನಲ್ಲಿ ಮೊದಲನೆಯದು ಗುಲಾಬಿ ಹುಳಕ್ಕೆ ಸೋತದ್ದು ಬಯಲಾಯಿತು. ಐದಾರು ವರ್ಷದಲ್ಲಿ ಎರಡನೆಯದೂ ಅದೇ ದಾರಿ ಹಿಡಿಯಿತು.

ಪ್ಯಾಕೆಟ್‌ನಲ್ಲಿ ಆದ ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. ಹಿಂದೆ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂನ ಆಸರೆ ಬೀಜ ಬೇರೆಯಾಗಿ ಬರುತ್ತಿತ್ತು, ಹೆಚ್ಚಿನವರು ಅದನ್ನು ಬಿತ್ತುತ್ತಲೇ ಇರಲಿಲ್ಲ. ಈಗ ಬಿಟಿ ಅಲ್ಲದ ಬೀಜ ಬಿಟಿ ಬೀಜದ ಪ್ಯಾಕೆಟ್‌ನಲ್ಲೇ 5ರಿಂದ 10 ಶೇಕಡಾ ಬೆರೆತಿರುತ್ತದೆ. ಗುಲಾಬಿ ಮರಿಹುಳ ಗಿಡದಿಂದ ಗಿಡಕ್ಕೆ ಅಲೆಯುವುದಿಲ್ಲವಾದ್ದರಿಂದ ಈ ಹುಳಕ್ಕೆ ಬೆರಕೆ ಸರಿಯಾದ ವಿಧಾನವೇ. ಆದರೆ ತಡವಾಯಿತು. ನಿರೋಧಕ ಹುಳ ಅಪರೂಪವಾಗಿದ್ದಾಗ ಮಾತ್ರ ಆಸರೆ ಬೀಜ ಕೆಲಸ ಮಾಡುವುದು.

ಹಾಗಾಗಿ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಬೆಳೆಯ ಅವಧಿ. 140ರಿಂದ 160 ದಿನಕ್ಕೆ ಮುಗಿಯುವ ತಳಿ ಆರಿಸಿ. 180 ದಿನ ದಾಟುವುದನ್ನು, ಕಾಯಿ ಎಷ್ಟೇ ದಪ್ಪ ಎಂದು ಹೊಗಳಿದರೂ, ಬಿಡಿ. ಗಿಡ ನೂರು ದಿನ ದಾಟಿದ ಮೇಲೆ ವಿಷದ ಪ್ರಮಾಣ ಇಳಿಯುತ್ತದೆ, ಗುಲಾಬಿ ಹುಳ ಏರುವುದೂ ಆಗಲೇ. ಡಿಸೆಂಬರ್ ಒಳಗೆ ಬೆಳೆ ತೆಗೆದು, ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಒಟ್ಟದೆ ಪುಡಿ ಮಾಡಿ ಮಣ್ಣಿಗೆ ಸೇರಿಸಿ. ಇನ್ನೊಂದು ಬಿಡಿಸುವಿಕೆಯ ಆಸೆಗೆ ನೀರು ಹಾಯಿಸಿದರೆ ಮುಂದಿನ ವರ್ಷದ ಹುಳವನ್ನು ನಾವೇ ಸಾಕಿದಂತೆ.

ಬಿತ್ತಿದ 45 ದಿನಕ್ಕೆ ಎಕರೆಗೆ 2 ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಬಲೆ) ಕಟ್ಟಿ, ಗಿಡದ ತುದಿಗಿಂತ ಸುಮಾರು ಒಂದು ಅಡಿ ಮೇಲೆ. ಸತತ 3 ರಾತ್ರಿ ಒಂದು ಬಲೆಗೆ ರಾತ್ರಿಗೆ 8 ಪತಂಗ ಬಿದ್ದರೆ ಸಿಂಪಡಣೆಯ ಹೊತ್ತು. ಬಲೆಯೊಂದನ್ನೇ ನಂಬದೆ ವಾರಕ್ಕೊಮ್ಮೆ 20 ಗಿಡದಿಂದ ಒಂದೊಂದು ಹಸಿರು ಕಾಯಿ ಕಿತ್ತು ಬಿಡಿಸಿ ನೋಡಿ, 2ರಲ್ಲಿ ಜೀವಂತ ಹುಳ ಸಿಕ್ಕರೆ ಮಿತಿ ಮುಟ್ಟಿತು. ಹೊರಗಿನಿಂದ ಕಾಯಿ ನುಣುಪಾಗಿಯೇ ಇರುತ್ತದೆ, ಮರಿ ಒಳಹೊಕ್ಕ ತೂತು ಮುಚ್ಚಿಹೋಗಿರುತ್ತದೆ. ಒಳಗೆ ಕಂದು ತಿರುಗಿದ ಹತ್ತಿ, ಕೊರೆದ ಕಾಳು, ಕೆಲವೊಮ್ಮೆ ನೂಲಿನಿಂದ ಹೆಣೆದ ಜೋಡಿ ಕಾಳು. ಹೂವಿನ ದಳಗಳು ಅರಳದೆ ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡಿದ್ದರೆ ಅಲ್ಲೂ ಹುಳವಿದೆ, ಅಂಥ ಹೂವನ್ನು ಆಗಲೇ ಕಿತ್ತು ನಾಶಮಾಡಿ. ಕಾಯಿಯೊಳಗೆ ಸೇರಿದ ಮೇಲೆ ಯಾವ ಔಷಧಿಯೂ ಅದನ್ನು ಮುಟ್ಟುವುದಿಲ್ಲ.

ಜಿಗಿಹುಳು, ಬಿಳಿನೊಣ, ಥ್ರಿಪ್ಸ್‌ಗೆ ಈ ಬೀಜ ಏನೂ ಮಾಡದು.

ಹೆಸರಿಲ್ಲದ ಚೀಲದಲ್ಲಿ "ಬಿಜಿ-3, ಗುಲಾಬಿ ಹುಳ ಬರಲ್ಲ" ಎಂದು ಮಾರುವುದನ್ನು ಕೊಳ್ಳಬೇಡಿ. ಕಳೆನಾಶಕ ತಾಳುವ ಆ ಹತ್ತಿಗೆ ದೇಶದಲ್ಲಿ ಅನುಮತಿಯಿಲ್ಲ. ಕಳೆನಾಶಕ ತಾಳುವ ಜೀನಿಗೂ ಹುಳಕ್ಕೂ ಸಂಬಂಧವೇ ಇಲ್ಲ.