ಹದಿನಾಲ್ಕು ಎಲೆ, ಒಂದು ಸೌಟು ಹಿಟ್ಟು: ‘ಶಾಖಾಹಾರಿ’, ‘ಸು ಫ್ರಮ್ ಸೋ’, ‘ಮಿಥ್ಯ’

ಈ ಮೂರು ಕನ್ನಡ ಸಿನಿಮಾಗಳಲ್ಲಿ ನನಗೆ ಯಾವುದು ಇಷ್ಟ ಅಂತ ಕೊನೆಯವರೆಗೆ ಕಾಯಿಸುವುದಿಲ್ಲ. ‘ಶಾಖಾಹಾರಿ’. ನೂರು ಕೋಟಿ ದಾಟಿದ್ದು ‘ಸು ಫ್ರಮ್ ಸೋ’, ರಾತ್ರಿ ನಿದ್ದೆ ಕೆಡಿಸಿದ್ದು ‘ಮಿಥ್ಯ’. ಆದರೂ ನನ್ನ ಓಟು ತೀರ್ಥಹಳ್ಳಿ ಸೀಮೆಯ ಆ ಸಸ್ಯಾಹಾರಿ ಹೋಟೆಲಿಗೇ. ಇದನ್ನು ವಿಮರ್ಶೆ ಅಂದುಕೊಂಡು ಓದಬೇಡಿ, ಜೇಬು ಸುಟ್ಟುಕೊಂಡವನ ಲೆಕ್ಕ ಇದು. ಕಳೆದ ಪಿತೃಪಕ್ಷದಲ್ಲಿ ನನ್ನ 62 ಸಾವಿರ ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅದಕ್ಕೆ ಕಾರಣ ನಾನು ತಪ್ಪು ಸಿನಿಮಾವನ್ನು ಗುರು ಅಂತ ಹಿಡಿದದ್ದು.

ನನ್ನ ಹೊಟ್ಟೆಪಾಡು ಮದುವೆ ವಿಡಿಯೊ ಎಡಿಟಿಂಗ್. ಹಗಲು ಯಾರದೋ ಧಾರೆ, ಯಾರದೋ ಆರತಕ್ಷತೆ. ರಾತ್ರಿ ನನ್ನ ಸ್ಕ್ರಿಪ್ಟು. ಸಿನಿಮಾವನ್ನು ಎರಡು ಸಲ ನೋಡುತ್ತೇನೆ. ಮೊದಲ ಸಲ ಎಲ್ಲರ ಹಾಗೆ. ಎರಡನೇ ಸಲ ಕಳ್ಳನ ಹಾಗೆ: ಎಲ್ಲಿ ಬಾಗಿಲು, ಎಲ್ಲಿ ಕಿಟಕಿ, ನಾನೇನು ಹೊತ್ತುಕೊಂಡು ಹೋಗಬಹುದು ಅಂತ. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಅನ್ನುವುದು ಇಲ್ಲಿ ಬೇಡ, ಅದನ್ನು ಹೇಳುವವರು ಬೇಕಾದಷ್ಟಿದ್ದಾರೆ.

‘ಸು ಫ್ರಮ್ ಸೋ’ ಬಂದದ್ದು 2025ರ ಜುಲೈನಲ್ಲಿ. ಕರಾವಳಿಯ ಒಂದು ಊರು, ಅಲ್ಲಿ ಅಶೋಕ ಅನ್ನುವ ಹುಡುಗ. ಮಾಡಬಾರದ್ದು ಮಾಡಲು ಹೋಗಿ ಸಿಕ್ಕಿಬಿದ್ದಾಗ ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನಂತೆ ಆಡುತ್ತಾನೆ. ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬಿಬಿಡುತ್ತದೆ. ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಯಜಮಾನರು ನಕ್ಕು ನಕ್ಕು ಕನ್ನಡಕ ತೆಗೆದು ಪಂಚೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಇಂಟರ್‌ವಲ್‌ನಲ್ಲಿ ಕಾಫಿ ಹಿಡಿದು ನಿಂತಾಗಲೇ ನಾನು ತೀರ್ಮಾನ ಮಾಡಿಬಿಟ್ಟೆ. ದೊಡ್ಡ ಸ್ಟಾರ್ ಇಲ್ಲ, ಸೆಟ್ ಇಲ್ಲ, ಫೈಟ್ ಇಲ್ಲ. ಒಂದು ಊರು, ಒಂದಷ್ಟು ಜನ, ಅಷ್ಟೇ. ನಮಗೂ ಊರಿದೆ, ಜನರಂತೂ ಬೇಡವೆಂದರೂ ಇದ್ದಾರೆ.

ಹೀಗೆ ಹುಟ್ಟಿದ್ದು ನನ್ನ ಕಿರುಚಿತ್ರ. ತಿಪಟೂರು ಕಡೆ ನಮ್ಮ ದೊಡ್ಡಮ್ಮನ ತೋಟದ ಮನೆ. ಗೃಹಪ್ರವೇಶದ ಊಟ ನಡೆಯುತ್ತಿದೆ, ಹದಿನಾಲ್ಕು ಜನ ಪಂಕ್ತಿಯಲ್ಲಿ ಕೂತಿದ್ದಾರೆ. ಮೊದಲನೆಯವರು ಪಕ್ಕದವರ ಕಿವಿಯಲ್ಲಿ ‘ಸೊಸೆಯ ಸರ ಕಾಣ್ತಿಲ್ಲವಂತೆ’ ಅನ್ನುತ್ತಾರೆ. ಸುದ್ದಿ ಎಲೆಯಿಂದ ಎಲೆಗೆ ದಾಟುತ್ತಾ, ರೂಪ ಬದಲಿಸುತ್ತಾ, ಹದಿನಾಲ್ಕನೆಯವರಿಗೆ ಮುಟ್ಟುವ ಹೊತ್ತಿಗೆ ಸೊಸೆಯೇ ಕಾಣೆಯಾಗಿರುತ್ತಾಳೆ. ನಾಲ್ಕು ನಿಮಿಷದ ದೃಶ್ಯ. ಕಾಗದದ ಮೇಲೆ ಓದಿದವರೆಲ್ಲ ನಕ್ಕರು.

ಮದುವೆ ಸೀಸನ್ನಿನಲ್ಲಿ ನನಗೆ ಬಿಡುವಿಲ್ಲ, ಪಿತೃಪಕ್ಷದಲ್ಲಿ ಕೆಲಸವಿಲ್ಲ. ಹಾಗಾಗಿ ಶೂಟಿಂಗ್ ಪಿತೃಪಕ್ಷದಲ್ಲೇ ಇಟ್ಟುಕೊಂಡೆ. ಪಕ್ಷಮಾಸದಲ್ಲಿ ಮನೆ ಬಾಗಿಲಿಗೆ ತೋರಣ ಕಟ್ಟಿ ಗೃಹಪ್ರವೇಶ ಮಾಡ್ತೀಯೇನ್ಲಾ ಅಂತ ದೊಡ್ಡಮ್ಮ ಒಂದು ಗಂಟೆ ಬೈದರು. ಆಮೇಲೆ ಒಂದು ಷರತ್ತಿನ ಮೇಲೆ ಒಪ್ಪಿದರು: ಎಲೆ ಹಾಕಿ ಜನರನ್ನು ಕೂರಿಸಿದ ಮೇಲೆ ಸುಳ್ಳು ಊಟ ಬಡಿಸಬಾರದು. ಅನ್ನ, ಸಾರು, ಪಲ್ಯ, ಕೋಸಂಬರಿ, ಪಾಯಸ, ಎಲ್ಲ ನಿಜವಾದದ್ದೇ ಆಗಬೇಕು.

ನಿಜವಾದ ಊಟ ಬಡಿಸಿದರೆ ಜನ ನಿಜವಾಗಿಯೇ ಉಣ್ಣುತ್ತಾರೆ. ಇದು ನನಗೆ ಹೊಳೆದದ್ದು ಮೊದಲ ಟೇಕ್ ಮುಗಿದ ಮೇಲೆ. ಮಾತು ತಪ್ಪಿತು, ಇನ್ನೊಂದು ಸಲ ಮಾಡೋಣ ಅಂದೆ. ನೋಡಿದರೆ ಹದಿನಾಲ್ಕರಲ್ಲಿ ಒಂಬತ್ತು ಎಲೆ ಖಾಲಿ. ಎಂಜಲೆಲೆ ತೆಗೆದು, ನೆಲ ಒರೆಸಿ, ಹೊಸ ಎಲೆ ಹಾಕಿ, ಮತ್ತೆ ಮೊದಲಿನಷ್ಟೇ ಬಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ನಾಲ್ಕನೇ ಟೇಕಿಗೆ ಅನ್ನ ಮುಗಿಯಿತು. ಐದನೇ ಟೇಕಿಗೆ ಹೊಟ್ಟೆಯಲ್ಲಿ ಜಾಗ ಮುಗಿಯಿತು. ‘ಏನ್ಲಾ ಮಗ, ಎಷ್ಟ್ ಸತಿ ಉಣ್ಣನ ನಾವು? ಕೊಯ್ಯಾಕೆ ಸಾಕೋ ಕುರಿ ಅಂದ್ಕಂಡಿದೀಯಾ?’ ಅಂತ ಸಣ್ಣಪ್ಪಜ್ಜ ಎದ್ದೇ ಬಿಟ್ಟರು. ಸ್ಕ್ರಿಪ್ಟಿನಲ್ಲಿ ಅಂಥದ್ದೊಂದು ಮಾತು ಇದ್ದಿದ್ದರೆ ಸಿನಿಮಾ ಗೆಲ್ಲುತ್ತಿತ್ತು. ಕ್ಯಾಮೆರಾ ಆಗ ಆಫ್ ಆಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಎಡಿಟಿಂಗ್‌ನಲ್ಲಿ ತೇಪೆ ಹಾಕುತ್ತಿದ್ದೆ. ಆದರೆ ಬಿಸಿಲು ಬಂತು. ಬೆಳಿಗ್ಗೆ ಹತ್ತಕ್ಕೆ ತೆಂಗಿನ ನೆರಳಿದ್ದ ಕಡೆ ಒಂದು ಗಂಟೆಗೆ ಉರಿಬಿಸಿಲು ಬಿದ್ದಿತ್ತು. ಅಲ್ಲಿಯವರೆಗೆ ಪಂಕ್ತಿಯ ಎದುರು ನಿಂತು ತೆಗೆಯುತ್ತಿದ್ದವನು, ಕ್ಯಾಮೆರಾ ಎತ್ತಿಕೊಂಡು ಜಗಲಿಯ ಕಡೆ, ಅಂದರೆ ಪಂಕ್ತಿಯ ಬೆನ್ನ ಹಿಂದೆ ಹೋಗಿ ನಿಂತೆ. ಹೆಗಲ ಮೇಲಿಂದ ತೆಗೆದರೆ ಚೆನ್ನಾಗಿರುತ್ತದೆ ಅನ್ನಿಸಿತು. ಚೆನ್ನಾಗಿಯೇ ಇತ್ತು ಕೂಡ.

ಎಡಿಟಿಂಗ್‌ಗೆ ಕೂತಾಗ ಎದೆ ಧಸಕ್ಕೆಂದಿತು. ತನ್ನ ಎಡಗಡೆಗೆ ತಿರುಗಿ ಪಿಸುಗುಟ್ಟುವ ಮನುಷ್ಯನನ್ನು ಎದುರಿನಿಂದ ತೆಗೆದರೆ ಪರದೆಯ ಮೇಲೆ ಬಲಕ್ಕೆ ತಿರುಗಿದ ಹಾಗೆ ಕಾಣುತ್ತಾನೆ. ಅದೇ ಮನುಷ್ಯನನ್ನು ಬೆನ್ನ ಹಿಂದಿನಿಂದ ತೆಗೆದರೆ ಪರದೆಯ ಮೇಲೂ ಎಡಕ್ಕೇ ತಿರುಗುತ್ತಾನೆ. ಲೈನ್ ಕ್ರಾಸ್ ಮಾಡಬೇಡ, ಅಂದರೆ ಒಂದು ಬದಿಯಿಂದ ತೆಗೆಯುತ್ತಿರುವ ದೃಶ್ಯವನ್ನು ನಡುವೆ ಆಚೆ ಬದಿಗೆ ಹೋಗಿ ತೆಗೆಯಬೇಡ ಅನ್ನುವುದು ಈ ಕಸುಬಿನ ಅ ಆ ಇ ಈ. ಮದುವೆ ಮಂಟಪದಲ್ಲಿ ನಾನೇ ಹುಡುಗರಿಗೆ ಬೈದು ಹೇಳಿಕೊಡುವ ಪಾಠ. ನನ್ನ ಸಿನಿಮಾದಲ್ಲಿ ಏನಾಯಿತೆಂದರೆ, ಸುದ್ದಿ ಏಳನೇ ಎಲೆಯವರೆಗೆ ಸರಾಗವಾಗಿ ಬಂದು, ಎಂಟನೆಯವರು ಅದನ್ನು ತಂದವರಿಗೇ ವಾಪಸು ಹೇಳುತ್ತಿದ್ದರು. ಗಾಳಿಮಾತು ಹಿಮ್ಮುಖವಾಗಿ ಹರಿಯತೊಡಗಿತು. ನೋಡಿದ ಸ್ನೇಹಿತನೊಬ್ಬ ‘ಓ, ಇದು ಟೈಮ್ ಟ್ರಾವೆಲ್ಲಾ?’ ಅಂದ.

ಅದಕ್ಕೇನು, ಆ ಶಾಟುಗಳನ್ನು ಕನ್ನಡಿ ಹಿಡಿದ ಹಾಗೆ ತಿರುಗಿಸಿಬಿಡು ಅನ್ನುತ್ತೀರಿ. ನಾನೂ ತಿರುಗಿಸಿದೆ. ದಿಕ್ಕು ಸರಿಹೋಯಿತು. ಆದರೆ ಗೃಹಪ್ರವೇಶದ ಪಂಕ್ತಿಯಲ್ಲಿ ಏಳು ಜನ ಎಡಗೈಯಲ್ಲಿ ಅನ್ನ ಕಲಸುತ್ತಿದ್ದರು. ಹೆಂಗಸರ ಸೆರಗು ಬಲಹೆಗಲಿಗೆ ಬಂದಿತ್ತು. ಇದನ್ನು ಯಾರೂ ಗಮನಿಸುವುದಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ದೊಡ್ಡಮ್ಮನಿಗೆ ತೋರಿಸಿದೆ. ಹತ್ತನೇ ಸೆಕೆಂಡಿಗೆ ಅವರು ಕೇಳಿದ್ದು ಒಂದೇ: ‘ಇದೇನ್ಲಾ, ಎಲ್ರೂ ಎಡಗೈಲಿ ಉಣ್ತಾವ್ರೆ?’

ಆ ಸೋಲಿನ ಮೇಲೆ ‘ಸು ಫ್ರಮ್ ಸೋ’ವನ್ನು ಎರಡನೇ ಸಲ ನೋಡಿದೆ, ಈ ಸಲ ಕಳ್ಳನ ಕಣ್ಣಿಂದ. ಮಾತಾಡುವವರನ್ನು ಬಿಟ್ಟು ಹಿಂದೆ ನಿಂತವರನ್ನು ಮಾತ್ರ ನೋಡುತ್ತಾ ಹೋದೆ. ಆಗ ಅರ್ಥವಾಯಿತು ನಾನು ಎಲ್ಲಿ ಮೋಸಹೋದೆ ಅಂತ. ತಮ್ಮ ಮಾತು ಇಲ್ಲದಾಗಲೂ ಅವರಿಗೆ ಕೆಲಸವಿದೆ. ಒಬ್ಬ ಹೆದರಿದರೆ ಪಕ್ಕದವನು ಅವನಿಗಿಂತ ಅರ್ಧ ಗಳಿಗೆ ತಡವಾಗಿ ಹೆದರುತ್ತಾನೆ. ನಗು ಹುಟ್ಟುವುದು ಆ ಅರ್ಧ ಗಳಿಗೆಯಲ್ಲಿ. ನಿರ್ದೇಶಕ ಜೆ.ಪಿ. ತುಮಿನಾಡು ತುಳು ರಂಗಭೂಮಿಯಿಂದ ಬಂದವರು, ಪಾತ್ರಧಾರಿಗಳಲ್ಲೂ ಹಲವರು ನಾಟಕದಲ್ಲಿ ಪಳಗಿದವರು. ಊರೂರಿನ ವೇದಿಕೆಯ ಮೇಲೆ ಜನರ ಎದುರು ನಿಂತು ಕಲಿತ ಟೈಮಿಂಗ್ ಅದು. ಬಿಟ್ಟಿ ಸಿಗುವ ‘ಊರ ಜನ’ ಅಂತ ನಾನು ಅಂದುಕೊಂಡದ್ದೇ ಆ ಸಿನಿಮಾದ ಅತ್ಯಂತ ದುಬಾರಿ ಸಾಮಾನು. ಲೈಟ್ ಬಾಡಿಗೆಗೆ ಸಿಗುತ್ತದೆ, ಅದು ಸಿಗುವುದಿಲ್ಲ.

ಮದುವೆಮನೆಯಲ್ಲಿ ಐನೂರು ಜನ ನನ್ನ ಕ್ಯಾಮೆರಾದ ಮುಂದೆ ಎಷ್ಟು ಸಹಜವಾಗಿ ಓಡಾಡುತ್ತಾರೆ! ಯಾಕೆಂದರೆ ಅಲ್ಲಿ ಯಾರೂ ‘ಆಕ್ಷನ್’ ಅನ್ನುವುದಿಲ್ಲ. ಅದೇ ಚಿಕ್ಕಮ್ಮನಿಗೆ ‘ಈಗ ಸಹಜವಾಗಿ ನಗಿ’ ಅಂದು ನೋಡಿ, ಪಾಸ್‌ಪೋರ್ಟ್ ಫೋಟೋ ಮುಖ ಬರುತ್ತದೆ.

‘ತಿಥಿ’ ಸಿನಿಮಾದಲ್ಲಿ ಊರಿನವರನ್ನೇ ಹಾಕಿಕೊಂಡು ಮಾಡಲಿಲ್ಲವೇ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಮಾಡಿದರು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿಯನ್ನೂ ತಂದರು. ಆದರೆ ನಿರ್ದೇಶಕ ರಾಮ್ ರೆಡ್ಡಿ ಜೊತೆ ಕತೆ ಬರೆದ ಈರೇಗೌಡ, ಸಿನಿಮಾ ತೆಗೆದ ಊರಾದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರೇ. ಪಾತ್ರಗಳನ್ನು ಬರೆದದ್ದೇ ಆ ಜನರ ನಡಿಗೆ, ಮಾತು, ಗಡ್ಡ ನೋಡಿ. ನಾನು ಕತೆ ಬರೆದು ಜನರನ್ನು ಅದಕ್ಕೆ ತುರುಕಿದೆ. ಸಣ್ಣಪ್ಪಜ್ಜನ ಬಾಯಲ್ಲಿ ನನ್ನ ಡೈಲಾಗ್ ಇಟ್ಟೆ, ಅವರದೇ ಮಾತು ಬಂದಾಗ ಕ್ಯಾಮೆರಾ ಆಫ್ ಮಾಡಿದೆ.

‘ಮಿಥ್ಯ’ದ ಬಗ್ಗೆ ಕಡಿಮೆ ಹೇಳುತ್ತೇನೆ. ಸುಮಂತ್ ಭಟ್ ನಿರ್ದೇಶನ, ಥಿಯೇಟರಿಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಮಿಥುನ್ ಮುಂಬೈಯಿಂದ ಉಡುಪಿಗೆ, ತಾಯಿಯ ಕಡೆಯ ನೆಂಟರ ಮನೆಗೆ ಬರುತ್ತಾನೆ. ಹುಡುಗನ ಪಾತ್ರದ ಆತಿಶ್ ಶೆಟ್ಟಿ ಅಳುವುದಕ್ಕಿಂತ ಅಳದೇ ಇರುವುದೇ ಹೆಚ್ಚು, ನಮ್ಮ ಗಂಟಲು ಕಟ್ಟುವುದೂ ಅಲ್ಲೇ. ಮೂರರಲ್ಲಿ ಒಳ್ಳೆಯ ಸಿನಿಮಾ ಯಾವುದು ಅಂತ ಕೇಳಿದರೆ ಬಹುಶಃ ಇದೇ. ಆದರೆ ನನಗೆ ಪ್ರಯೋಜನಕ್ಕೆ ಬರುವುದಿಲ್ಲ. ಮಗುವಿನ ಮುಖದಲ್ಲಿ ಅಂಥ ಗಳಿಗೆ ಬರುವವರೆಗೆ ಕಾಯಬೇಕು. ಭಾನುವಾರ ಒಂದೇ ದಿನ ಲೈಟ್ ಬಾಡಿಗೆಗೆ ತರುವವನು ಎಷ್ಟು ಹೊತ್ತು ಕಾದಾನು? ಒಂದು ತಮಾಷೆ ಗಮನಿಸಿ: ನಟ ಪ್ರಕಾಶ್ ತುಮಿನಾಡು ‘ಸು ಫ್ರಮ್ ಸೋ’ದಲ್ಲೂ ಇದ್ದಾರೆ, ‘ಮಿಥ್ಯ’ದಲ್ಲೂ ಇದ್ದಾರೆ. ಅಲ್ಲಿ ನಕ್ಕು ಸಾಕಾಗಿದ್ದ ನನಗೆ ಇಲ್ಲಿ ಹುಡುಗನನ್ನು ಸಾಕಬೇಕಾದ ಆ ಮನುಷ್ಯನ ಮುಜುಗರ ನೋಡಿ, ಇವರು ಅವರೇನಾ ಅನ್ನಿಸಿತು.

ಇನ್ನು ನನ್ನ ‘ಶಾಖಾಹಾರಿ’. 2024ರ ಫೆಬ್ರವರಿಯಲ್ಲಿ ಬಂದದ್ದು, ಸಂದೀಪ್ ಸುಂಕದ್ ನಿರ್ದೇಶನ. ನಾನು ನೋಡಿದ್ದು ತಡವಾಗಿ, ರಾತ್ರಿ ಹನ್ನೊಂದಕ್ಕೆ, ಯಾರದೋ ನಿಶ್ಚಿತಾರ್ಥದ ವಿಡಿಯೊ ರೆಂಡರ್ ಆಗುತ್ತಿದ್ದಾಗ, ಅಂದರೆ ಎಡಿಟ್ ಮಾಡಿದ್ದು ಕೊನೆಯ ಫೈಲಾಗಿ ತಯಾರಾಗುತ್ತಿದ್ದಾಗ, ಪಕ್ಕದ ಹಳೇ ಲ್ಯಾಪ್‌ಟಾಪ್‌ನಲ್ಲಿ. ಸುಬ್ಬಣ್ಣ ಅನ್ನುವ ನಡುವಯಸ್ಸು ದಾಟಿದ ಅಡುಗೆಯವನು, ಅವನದೊಂದು ಸಸ್ಯಾಹಾರಿ ಹೋಟೆಲು. ಪೊಲೀಸರಿಂದ ತಪ್ಪಿಸಿಕೊಂಡ ಹುಡುಗನೊಬ್ಬ ಅಲ್ಲಿಗೆ ಬಂದು ಸೇರಿಕೊಳ್ಳುತ್ತಾನೆ. ಮುಂದಿನದು ಹೇಳಿದರೆ ನೋಡುವವರ ಸುಖ ಹಾಳು.

ರೆಂಡರ್ ಮುಗಿದದ್ದೇ ಗೊತ್ತಾಗಲಿಲ್ಲ. ಎರಡನೇ ಸಲ ನೋಡುವಾಗ ನೋಟ್‌ಬುಕ್ಕಿನಲ್ಲಿ ಒಂದು ಹೋಟೆಲಿನ ನಕ್ಷೆ ಬರೆದುಕೊಂಡೆ. ನಡುವೆ ಒಂದು ಗೋಡೆ. ಈಚೆ ಗಿರಾಕಿಗೆ ಕಾಣುವ ಅರ್ಧ, ಆಚೆ ಕಾಣದ ಅರ್ಧ. ಈಚೆ ಜನ ಉಂಡು ದುಡ್ಡು ಕೊಟ್ಟು ಹೋಗುತ್ತಿರುತ್ತಾರೆ, ಆಚೆ ಒಂದು ಗುಟ್ಟು ಕೂತಿರುತ್ತದೆ. ಎರಡರ ನಡುವೆ ಓಡಾಡುವವನು ಒಬ್ಬನೇ. ಅಷ್ಟು ಸಾಕು, ನೋಡುವವನ ಎದೆ ಡವಡವ ಅನ್ನುತ್ತದೆ. ಚೇಸ್ ಬೇಡ, ಡ್ರೋನ್ ಬೇಡ. ಯಾರಾದರೂ ಇನ್ನೊಂದು ಲೋಟ ನೀರು ಕೇಳಿದರೂ ಭಯವಾಗುತ್ತದೆ.

ನನ್ನಂಥವನಿಗೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಅಡುಗೆಯವನ ಕೈಗೆ ಯಾವಾಗಲೂ ಕೆಲಸವಿರುತ್ತದೆ. ಮನಸ್ಸಿನಲ್ಲಿ ಏನಾಗುತ್ತಿದೆ ಅಂತ ಮುಖದಲ್ಲಿ ತೋರಿಸಬೇಕಾಗಿಲ್ಲ, ಈರುಳ್ಳಿ ಹೆಚ್ಚುವ ವೇಗ ಬದಲಾದರೆ ಸಾಕು. ಅದೂ ದಿನಕ್ಕೆ ನೂರು ಸಲ ಮಾಡುವ ಕೆಲಸ, ಟೇಕ್ ತಪ್ಪಿದರೆ ಇನ್ನೊಂದು ಈರುಳ್ಳಿ. ಕಾವಲಿಯ ಮುಂದೆ ನಿಂತ ಪಾತ್ರಧಾರಿಯ ಮಾತು ತಪ್ಪಿದರೆ ನನಗಾಗುವ ನಷ್ಟ ಒಂದು ಸೌಟು ದೋಸೆ ಹಿಟ್ಟು. ಪಂಕ್ತಿಯಲ್ಲಿ ಒಬ್ಬರ ಮಾತು ತಪ್ಪಿದರೆ ಹದಿನಾಲ್ಕು ಎಲೆ, ಮುಕ್ಕಾಲು ಗಂಟೆ, ಸಣ್ಣಪ್ಪಜ್ಜನ ಬೈಗುಳ.

ಸುಬ್ಬಣ್ಣನ ಪಾತ್ರದ ರಂಗಾಯಣ ರಘು ಇಲ್ಲದೆ ‘ಶಾಖಾಹಾರಿ’ ಇಲ್ಲ, ಒಪ್ಪುತ್ತೇನೆ. ಎಷ್ಟೋ ಸಿನಿಮಾಗಳಲ್ಲಿ ಅಬ್ಬರದ ಮಾತಿಗೆ ಹೆಸರಾದ ಮನುಷ್ಯ ಇಲ್ಲಿ ದನಿ ತಗ್ಗಿಸಿಕೊಂಡು ಕೂತಿದ್ದಾರೆ. ಪೊಲೀಸ್ ಪಾತ್ರದ ಗೋಪಾಲಕೃಷ್ಣ ದೇಶಪಾಂಡೆ ಕೂಡ ಹಾಗೆಯೇ. ಠಾಣೆಯ ಕೆಲಸಕ್ಕಿಂತ ಮನೆಯ ಚಿಂತೆಯೇ ಹೆಗಲ ಮೇಲೆ ಭಾರವಾಗಿ ಕೂತಂತಿದೆ. ನನಗೆ ಅವರಿಬ್ಬರೂ ಸಿಗುವುದಿಲ್ಲ. ಆದರೆ ಒಳ್ಳೆಯ ನಟರು ಹದಿನಾಲ್ಕು ಜನ ಬೇಕು ಅನ್ನುವುದಕ್ಕೂ ಒಬ್ಬರು ಬೇಕು ಅನ್ನುವುದಕ್ಕೂ ವ್ಯತ್ಯಾಸವಿದೆ. ಒಬ್ಬರನ್ನು ಹುಡುಕಬಹುದು. ನಮ್ಮ ಬೀದಿಯಲ್ಲೇ ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದಾರೆ, ಹವ್ಯಾಸಿ ನಾಟಕಗಳಲ್ಲಿ ಇಪ್ಪತ್ತು ವರ್ಷ ದುಡಿದವರು.

ದೂರು ಇಲ್ಲವೆಂದಲ್ಲ. ಹೋಟೆಲು ಬಿಟ್ಟು ತನಿಖೆಯ ದಾರಿ ಹಿಡಿದಾಗಲೆಲ್ಲ ಸಿನಿಮಾ ಸ್ವಲ್ಪ ಸಡಿಲವಾಗುತ್ತದೆ, ನನ್ನ ಮನಸ್ಸು ‘ಅಡುಗೆಮನೆಗೆ ವಾಪಸು ಹೋಗಪ್ಪ’ ಅನ್ನುತ್ತಿತ್ತು. ಹಿನ್ನೆಲೆ ಸಂಗೀತ ಕೆಲವು ಕಡೆ ನಾವೇ ಹೆದರಿದ ಮೇಲೂ ಹೆದರಿಸುತ್ತದೆ. ಮಳೆಗೆ ಮಾತ್ರ ಪೂರ್ತಿ ಅಂಕ.

ಕೈಯಲ್ಲಿ ಹಣವಿದ್ದು, ತಾಲೀಮಿಗೆ ಮೂರು ತಿಂಗಳು ಸಿಗುವ ನಾಟಕ ತಂಡವೊಂದು ಜೊತೆಗಿದ್ದರೆ ‘ಸು ಫ್ರಮ್ ಸೋ’ ಹಿಡಿಯಿರಿ. ತಾಳ್ಮೆಯಿದ್ದು, ಸಂಬಳ ಬರುವ ಬೇರೆ ಕೆಲಸವಿದ್ದರೆ ‘ಮಿಥ್ಯ’. ನನ್ನ ಹತ್ತಿರ ಇರುವುದು ಆಷಾಢ. ಆ ತಿಂಗಳು ಮದುವೆಯಿಲ್ಲ, ಆದರೆ ಹೊರಗೆ ಮಳೆ, ಹಾಗಾಗಿ ಏನು ತೆಗೆದರೂ ಸೂರಿನ ಕೆಳಗೇ ಆಗಬೇಕು. ಉಳಿದಿರುವ ದುಡ್ಡು 28 ಸಾವಿರ.

ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಇಸ್ತ್ರಿ ಅಂಗಡಿಯಿದೆ. ಮುಂದೆ ಮೇಜು, ಹಿಂದೆ ಒಂದು ಪರದೆ, ಪರದೆಯ ಆಚೆ ಬಟ್ಟೆಯ ಗಂಟುಗಳು. ರಾತ್ರಿ ಒಂಬತ್ತರ ಮೇಲೆ ಬಿಟ್ಟುಕೊಡುತ್ತೇನೆ, ಇದ್ದಿಲಿನ ಖರ್ಚು ನಿನ್ನದು ಅಂದಿದ್ದಾರೆ ಅಂಗಡಿಯವರು. ಮೇಷ್ಟ್ರು ಎರಡು ದಿನದಿಂದ ಅಲ್ಲಿ ಕೂತು ಅಂಗಿಯ ಕಾಲರ್ ಹೇಗೆ ಮಡಚುತ್ತಾರೆ ಅಂತ ನೋಡುತ್ತಿದ್ದಾರೆ. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಯಾವ ಕಾರಣಕ್ಕೂ ಕ್ಯಾಮೆರಾ ಇದರಾಚೆ ಹೋಗಕೂಡದು ಅಂತ ಹುಡುಗರಿಗೆ ಹೇಳಿಟ್ಟಿದ್ದೇನೆ. ದೊಡ್ಡಮ್ಮ ಫೋನ್ ಮಾಡಿದ್ದರು. ಈ ಸಲ ಊಟದ ಸೀನ್ ಇಲ್ಲ ಅಂದಾಗ, ‘ಹಂಗಾದ್ರೆ ಮಾಡು’ ಅಂದರು.