‘ವ್ಯಕ್ತಿ’ ಎಂಬ ಪದದಲ್ಲಿ ಎಡವಿದ ಒಂದು ಕೋರ್ಸ್

ಗರ್ಭಪಾತದ ನೈತಿಕತೆಯನ್ನು ಕುರಿತ ಆರು ಉಪನ್ಯಾಸಗಳ ಆನ್‌ಲೈನ್ ಕೋರ್ಸೊಂದಕ್ಕೆ ನಾನು 800 ರೂಪಾಯಿ ಕೊಟ್ಟದ್ದು ಮುಖ್ಯವಾಗಿ ಅದರ ಕನ್ನಡ ಸಬ್‌ಟೈಟಲ್‌ಗಳಿಗಾಗಿ. ದೂರನ್ನು ನೇರವಾಗಿ ಅವರಿಗೇ ಬರೆದಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ಉಪನ್ಯಾಸಗಳು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಸಬ್‌ಟೈಟಲ್‌ಗಳ ಕಥೆ ಬೇರೆ.

ಎರಡನೆಯ ಉಪನ್ಯಾಸವೇ ಈ ಕೋರ್ಸಿನ ಜೀವಾಳ. ಅಮೆರಿಕದ ತತ್ತ್ವಜ್ಞಾನಿ ಜುಡಿತ್ ಜಾರ್ವಿಸ್ ಥಾಮ್ಸನ್ ತಮ್ಮ 1971ರ ಪ್ರಬಂಧದಲ್ಲಿ, ಭ್ರೂಣವು ಗರ್ಭ ನಿಂತ ಕ್ಷಣದಿಂದಲೇ ಒಬ್ಬ ವ್ಯಕ್ತಿ ಎಂಬುದನ್ನು ವಾದಕ್ಕಾಗಿ ಒಪ್ಪಿಕೊಂಡೇ ಹೊರಡುತ್ತಾರೆ. ಅವರು ಕೊಡುವ ಕಾಲ್ಪನಿಕ ಉದಾಹರಣೆ ಇದು: ನೀವು ಬೆಳಿಗ್ಗೆ ಕಣ್ಣು ಬಿಟ್ಟಾಗ, ಮೂತ್ರಪಿಂಡ ಕೆಟ್ಟಿರುವ ಪ್ರಸಿದ್ಧ ಪಿಟೀಲುವಾದಕನೊಬ್ಬನ ರಕ್ತನಾಳಗಳನ್ನು ನಿಮ್ಮನ್ನು ಕೇಳದೆಯೇ ನಿಮ್ಮ ದೇಹಕ್ಕೆ ಜೋಡಿಸಲಾಗಿದೆ. ಒಂಬತ್ತು ತಿಂಗಳು ಹಾಗೆಯೇ ಮಲಗಿದ್ದರೆ ಆತ ಉಳಿಯುತ್ತಾನೆ. ಆತನಿಗೆ ಬದುಕುವ ಹಕ್ಕಿದೆ ಎಂದಮಾತ್ರಕ್ಕೆ ನಿಮ್ಮ ದೇಹವನ್ನು ಬಳಸುವ ಹಕ್ಕೂ ಬಂತೇ? ಈ ಉದಾಹರಣೆ ಬಲಾತ್ಕಾರದಿಂದಾದ ಬಸಿರಿಗೆ ಮಾತ್ರ ಒಪ್ಪುತ್ತದೆ ಎಂಬ ಆಕ್ಷೇಪವನ್ನು ಅಧ್ಯಾಪಕಿ ಮುಚ್ಚಿಡದೆ ಚರ್ಚಿಸುತ್ತಾರೆ. ಕೊಲೆ ತಪ್ಪಾಗುವುದು ಅದು ಸತ್ತವನ ಮುಂದಿನ ಬದುಕನ್ನೇ ಕಸಿದುಕೊಳ್ಳುವುದರಿಂದ, ಭ್ರೂಣಕ್ಕೂ ಅಂಥ ಬದುಕು ಕಾದಿದೆ ಎಂದು 1989ರಲ್ಲಿ ವಾದಿಸಿದ ತತ್ತ್ವಜ್ಞಾನಿ ಡಾನ್ ಮಾರ್ಕ್ವಿಸ್‌ಗೂ ಅವರು ಅಷ್ಟೇ ಸಮಯ ಕೊಟ್ಟಿದ್ದಾರೆ.

ತೊಡಕಿರುವುದು ತತ್ತ್ವಜ್ಞಾನಿ ಮೇರಿ ಆನ್ ವಾರನ್ ಕುರಿತ ಮೂರನೆಯ ಉಪನ್ಯಾಸದಲ್ಲಿ. ‘ಮನುಷ್ಯ’ ಎಂಬ ಮಾತಿಗೆ ಎರಡು ಅರ್ಥಗಳಿವೆ, ಒಂದು ಜೈವಿಕವಾಗಿ ಮಾನವ ಪ್ರಭೇದಕ್ಕೆ ಸೇರಿದ ಜೀವಿ, ಇನ್ನೊಂದು ನೈತಿಕ ಹಕ್ಕುಗಳುಳ್ಳ ವ್ಯಕ್ತಿ, ಇವೆರಡನ್ನು ಬೆರೆಸುವುದರಿಂದಲೇ ಗರ್ಭಪಾತ ವಿರೋಧಿಗಳ ವಾದ ಗಟ್ಟಿಯಾಗಿ ಕಾಣುತ್ತದೆ ಎಂಬುದು 1973ರಲ್ಲಿ ವಾರನ್ ಮುಂದಿಟ್ಟ ವಿಚಾರ. ಸಬ್‌ಟೈಟಲ್ ಬರೆದವರು ಎರಡಕ್ಕೂ ‘ಮನುಷ್ಯ’ ಎಂದೇ ಹಾಕಿದ್ದಾರೆ. ಪರಿಣಾಮವಾಗಿ ಪರದೆಯ ಮೇಲೆ ‘ಭ್ರೂಣವು ಮನುಷ್ಯ, ಆದರೆ ಮನುಷ್ಯನಲ್ಲ’ ಎಂಬ ಸಾಲು ಮೂಡುತ್ತದೆ; ಮೂರು ಸಲ ಹಿಂದಕ್ಕೆ ಹೋಗಿ ಧ್ವನಿ ಕೇಳಿದ ಮೇಲೆಯೇ ನನಗೆ ಅರ್ಥವಾದದ್ದು. ಪ್ರಜ್ಞೆ, ತರ್ಕ, ಸಂವಹನ ಮೊದಲಾಗಿ ವ್ಯಕ್ತಿಗೆ ವಾರನ್ ಹೇಳುವ ಐದು ಲಕ್ಷಣಗಳಲ್ಲಿ ಕೆಲವು ಹಸುಗೂಸಿಗೂ ಇಲ್ಲವಲ್ಲ ಎಂಬ ಕಠಿಣ ಪ್ರಶ್ನೆಯಂತೂ ಈ ಗೊಂದಲದಲ್ಲಿ ಕೊಚ್ಚಿಹೋಗಿದೆ. ಇನ್ನು ಭ್ರೂಣವನ್ನು ವ್ಯಕ್ತಿಯೆಂದು ಎಣಿಸಬಹುದೇ ಎಂದು ಕೇಳಬೇಕಾದಲ್ಲಿ ಹಾಕಿರುವ ‘ಭ್ರೂಣಕ್ಕೆ ವ್ಯಕ್ತಿತ್ವವಿದೆಯೇ’ ಎಂಬ ಶೀರ್ಷಿಕೆಯನ್ನು ಓದಿದವರಿಗೆ ವ್ಯಕ್ತಿತ್ವ ವಿಕಸನ ಶಿಬಿರ ನೆನಪಾದರೆ ಆಶ್ಚರ್ಯವಿಲ್ಲ.

ಭಾರತಕ್ಕೆ ಕೊನೆಯ ಹತ್ತು ನಿಮಿಷ ಸಿಕ್ಕಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಮತ್ತು ಕೆಲವು ವರ್ಗದ ಮಹಿಳೆಯರಿಗೆ ಗರ್ಭಪಾತಕ್ಕೆ ಅವಕಾಶವಿರುವ ಅವಧಿಯನ್ನು 24 ವಾರಗಳಿಗೆ ಏರಿಸಿದ 2021ರ ತಿದ್ದುಪಡಿಯನ್ನು ಹೇಳಿ ಮುಗಿಸಿದ್ದಾರೆ. ಶುಕ್ರ (ಗಂಡಿನ ಬೀಜ), ಶೋಣಿತ (ಹೆಣ್ಣಿನ ಬೀಜ), ಜೀವ (ಆತ್ಮ) ಮೂರೂ ಗರ್ಭಾಶಯದಲ್ಲಿ ಕೂಡಿದಾಗಲೇ ಗರ್ಭವೆನ್ನುವ ಚರಕಸಂಹಿತೆ, ಏಳನೆಯ ತಿಂಗಳಲ್ಲಿ ಜೀವ ಕೂಡುತ್ತದೆನ್ನುವ ಗರ್ಭೋಪನಿಷತ್ತು, ಈ ಎರಡನ್ನು ಎದುರುಬದುರು ಇಟ್ಟಿದ್ದರೆ ಇದು ಪಶ್ಚಿಮದಿಂದ ಬಂದ ಜಗಳವಲ್ಲವೆಂದು ತಿಳಿಯುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ, ಎರಡು ಮಕ್ಕಳ ತಾಯಿಯೊಬ್ಬರ 26 ವಾರ ದಾಟಿದ ಗರ್ಭದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಒಡೆದ ತೀರ್ಪು ನೀಡಿತು. ಭ್ರೂಣದ ಇರವೇ ತಾಯಿಯನ್ನು ಅವಲಂಬಿಸಿರುವುದರಿಂದ ಅದನ್ನು ಅವಳಿಂದ ಬೇರೆಯಾದ ವ್ಯಕ್ತಿಯೆಂದು ಗುರುತಿಸಲಾಗದು ಎಂದು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬರೆದರು, ಬಳಿಕ ತ್ರಿಸದಸ್ಯ ಪೀಠ ಗರ್ಭಪಾತಕ್ಕೆ ಅನುಮತಿಯನ್ನು ನಿರಾಕರಿಸಿತು. ಕೋರ್ಸಿನಲ್ಲಿ ಇದರ ಸುಳಿವೂ ಇಲ್ಲ.

ಇಂಗ್ಲಿಷ್ ಧ್ವನಿಯನ್ನು ಅನುಸರಿಸಬಲ್ಲವರು ಧಾರಾಳವಾಗಿ ಕೊಳ್ಳಬಹುದು. ಸಬ್‌ಟೈಟಲ್ ನಂಬಿಕೊಂಡವರು ಸದ್ಯಕ್ಕೆ ಬೇಡ. ದೂರು ಕಳಿಸಿದ ಎರಡು ವಾರಗಳ ಮೇಲೆ ‘ವ್ಯಕ್ತಿತ್ವ’ ಇದ್ದಲ್ಲೆಲ್ಲ ‘ವ್ಯಕ್ತಿಯ ಸ್ಥಾನಮಾನ’ ಎಂದು ತಿದ್ದಿದ್ದಾರೆ. ಮೂರನೆಯ ಉಪನ್ಯಾಸದ ಆ ಇಬ್ಬರು ‘ಮನುಷ್ಯ’ರು ಮಾತ್ರ ಇನ್ನೂ ಹಾಗೆಯೇ ಇದ್ದಾರೆ.