ಚರ್ನೆಟ್ ಕಣಿವೆ ನೋಡೋಕೆ ಉಗಿ ರೈಲೋ, ಕಾಲುವೆ ದಾರಿಯೋ, ದೋಣಿಯೋ?

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿರುವ ಚರ್ನೆಟ್ ಕಣಿವೆಯನ್ನು ನಾನು ಮೂರು ಥರವೂ ನೋಡಿದ್ದೇನೆ. ಒಂದಕ್ಕೇ ಸಮಯ ಇದೆ ಅಂದ್ರೆ ಸುಮ್ನೆ ನಡೆಯಿರಿ. ಚೆಡಲ್‌ಟನ್‌ನಿಂದ ಫ್ರಾಗ್‌ಹಾಲ್‌ವರೆಗೆ, ಕಾಲ್ಡನ್ ಕಾಲುವೆಯ ಪಕ್ಕದಲ್ಲೇ.

ಮಕ್ಕಳಿದ್ದರೆ ಮಾತ್ರ ಉಗಿ ರೈಲು ಗೆಲ್ಲುತ್ತದೆ. 1849ರಲ್ಲಿ ಶುರುವಾದ ಮಾರ್ಗ ಇದು. 1965ರಲ್ಲಿ ಇಲ್ಲಿ ಪ್ರಯಾಣಿಕರ ರೈಲು ನಿಂತಿತು, ಆಮೇಲೂ 1988ರವರೆಗೆ ಮರಳು ಸಾಗಿಸುವ ಗಾಡಿಗಳು ಓಡಿದವು. ಈಗ ಹಳೇ ರೈಲಿನ ಹುಚ್ಚಿರುವ ಸ್ವಯಂಸೇವಕರು ನಡೆಸುತ್ತಾರೆ. ಕಾನ್ಸಾಲ್ ಸ್ಟೇಷನ್‌ನಲ್ಲಿ ಜಾಗ ಎಷ್ಟು ಕಮ್ಮಿ ಅಂದ್ರೆ ವೇಟಿಂಗ್ ರೂಮನ್ನು ಕಾಲುವೆಯ ಮೇಲಕ್ಕೆ ಚಾಚಿ ಕಟ್ಟಿದ್ದಾರೆ. ತೊಂದರೆ ಏನೆಂದರೆ, ಕಿಟಕಿಯಿಂದ ನೋಡಿ "ಅರೆ, ಅದೇನು" ಅನ್ನುವಷ್ಟರಲ್ಲಿ ಅದು ಹಿಂದೆ ಹೋಗಿರುತ್ತದೆ. ಜೊತೆಗೆ, ಎಲ್ಲ ದಿನವೂ ಓಡುವುದಿಲ್ಲ.

ನಡೆದರೆ ಹಾಗಲ್ಲ. ದೋಣಿ ಎಳೆಯುವ ಕುದುರೆಗಳಿಗೆ ಮಾಡಿದ ದಾರಿಯಾದ್ದರಿಂದ ಏರಿಳಿತ ಕಮ್ಮಿ, ಮಳೆಯಾದ ಮೇಲೆ ಕೆಸರು ಮಾತ್ರ ಜಾಸ್ತಿ. ಕಾಲ್ಡನ್ ಲೋ ಬೆಟ್ಟದ ಸುಣ್ಣದ ಕಲ್ಲು ಸಾಗಿಸೋಕೆ 1779ರಲ್ಲಿ ಈ ಕಾಲುವೆ ತೆರೆದರು. ಚೆಡಲ್‌ಟನ್‌ನಲ್ಲಿ ಎರಡು ನೀರಿನ ಚಕ್ರಗಳಿರುವ ಗಿರಣಿಯೊಂದಿದೆ. ಸ್ಟೋಕ್‌ನ ಪಿಂಗಾಣಿ ಕಾರ್ಖಾನೆಗಳಿಗೆ ಬೇಕಾದ ಫ್ಲಿಂಟ್ ಕಲ್ಲನ್ನು ಅಲ್ಲಿ ಅರೆಯುತ್ತಿದ್ದರು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಓಕ್‌ಮೆಡೋ ಫೋರ್ಡ್ ಲಾಕ್ (ಲಾಕ್ ಅಂದ್ರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲುಗಳ ಕಟ್ಟೆ). ಅಲ್ಲಿ ಕಾಲುವೆ ಚರ್ನೆಟ್ ನದಿಯೊಳಗೇ ಇಳಿದುಬಿಡುತ್ತದೆ, ಒಂದಷ್ಟು ದೂರ ಎರಡೂ ಒಂದೇ ನೀರು, ಕಾನ್ಸಾಲ್ ಫೋರ್ಜ್ ಬಂದಾಗ ಮತ್ತೆ ಬೇರೆಯಾಗುತ್ತವೆ. ರೈಲಿನಲ್ಲಿ ಕೂತವರಿಗೆ ಇದು ಗೊತ್ತೇ ಆಗೋದಿಲ್ಲ.

ದೋಣಿಯ ವೇಗ ನಡಿಗೆಗಿಂತ ಹೆಚ್ಚೇನಿಲ್ಲ, ಮೇಲಾಗಿ ಪ್ರತಿ ಲಾಕ್‌ನಲ್ಲಿ ನೀವೇ ಇಳಿದು ಬಾಗಿಲು ತೆರೆದು ಮುಚ್ಚಬೇಕು. ನದಿ ತುಂಬಿದರೆ ಕಟ್ಟಿಹಾಕಿ ಕಾಯುವುದೇ ಕೆಲಸ. ಕೊನೆಯ ಫ್ರಾಗ್‌ಹಾಲ್ ಸುರಂಗ ತುಂಬಾ ತಗ್ಗು, ಬಹಳಷ್ಟು ದೋಣಿಗಳು ಒಳಗೆ ಹಿಡಿಸುವುದೇ ಇಲ್ಲ. ಗೆಳೆಯರ ಗುಂಪು ಇದ್ದು, ಯಾರಿಗೂ ಅವಸರ ಇಲ್ಲದಿದ್ದರೆ ಮಜಾ.

ಇನ್ನು ಪಬ್. ಚೆಡಲ್‌ಟನ್ ಸ್ಟೇಷನ್ನಿನ ಹತ್ತಿರ ಬೋಟ್ ಇನ್ ಇದೆ, ರೈಲು ಹಿಡಿಯುವವರಿಗೆ ಅನುಕೂಲ. ಡೆನ್‌ಫೋರ್ಡ್‌ನ ಹಾಲಿಬುಷ್ ಸ್ವಲ್ಪ ದೂರ. ಆದರೆ ಅಲ್ಲೇ ಸಮೀಪ ಹೇಝಲ್‌ಹರ್ಸ್ಟ್‌ನಲ್ಲಿ ಕವಲೊಡೆದ ಕಾಲುವೆ ತನ್ನ ಮುಖ್ಯ ಕಾಲುವೆಯ ಮೇಲೆಯೇ ಸೇತುವೆಯಲ್ಲಿ ದಾಟುತ್ತದೆ, ನೀರಿನ ಮೇಲೆ ನೀರು! ಆದರೂ ನನ್ನ ಓಟು ಕಾನ್ಸಾಲ್ ಫೋರ್ಜ್‌ನ ಬ್ಲ್ಯಾಕ್ ಲಯನ್‌ಗೆ. ಹೊರಗಿನ ಬೆಂಚಿನಲ್ಲಿ ಗ್ಲಾಸ್ ಹಿಡಿದು ಕೂತರೆ ಎದುರಿಗೇ ಹಳಿ, ಕಾಲುವೆ, ನದಿ. ಇನ್ನೇನು ಬೇಕು ಅಲ್ವಾ? ತೆರೆದಿರುವ ಹೊತ್ತು ಮೊದಲೇ ನೋಡಿಕೊಳ್ಳಿ.

ಫ್ರಾಗ್‌ಹಾಲ್‌ನಿಂದ ಮುಂದೆ ಯುಟಾಕ್ಸಿಟರ್‌ವರೆಗೂ ಒಂದು ಕಾಲುವೆ ಇತ್ತು. 1811ರಲ್ಲಿ ತೆರೆದು 1849ರಲ್ಲಿ ಮುಚ್ಚಿದರು, ಬಹುಪಾಲು ಅದರ ಜಾಗದಲ್ಲೇ ಹಳಿ ಹಾಕಿದರು. ಕೊನೆಗೆ ಆ ಭಾಗದ ರೈಲೂ ಹೋಯಿತು.

ರೈಲೂ ಬೇಕು ಅನ್ನುವವರು ಬೆಳಿಗ್ಗೆ ಚೆಡಲ್‌ಟನ್‌ನಿಂದ ಅದರಲ್ಲಿ ಫ್ರಾಗ್‌ಹಾಲ್‌ಗೆ ಹೋಗಿ, ಅಲ್ಲಿಂದ ನಡೆದು ವಾಪಸ್ ಬನ್ನಿ. ಹಾಗಾದರೆ ಬ್ಲ್ಯಾಕ್ ಲಯನ್ ನಡುದಾರಿಯಲ್ಲೇ ಸಿಗುತ್ತದೆ. ಒಂದು ಕಡೆಯ ಟಿಕೆಟ್ ಕೊಡುತ್ತಾರಾ ಅಂತ ಮಾತ್ರ ಕೇಳಿಕೊಳ್ಳಿ.